ಜಿನ್ಸೆಂಗ್ ಬೇರು, ಬ್ಯಾಡಗಿ ಬೀಗರು

ನಮ್ಮ ಮನೆತನದ ಇಂಗ್ಲಿಷ್ ಖಾತೆಯನ್ನು ಮದುವೆಯಾಗಿ ಬಂದಾಗಿನಿಂದ ನಾನೇ ನಿರ್ವಹಿಸುತ್ತಿದ್ದೇನೆ. ಕುಕ್ಕರಿನ ಜೊತೆ ಬರುವ ಚೀಟಿ, ಗುಳಿಗೆ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕಿದ ಕಾಗದ, ಎಲ್ಲವೂ ಓದಿ ಹೇಳಲು ನನ್ನ ಬಳಿಗೇ ಬರುತ್ತವೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು ನೋಡಿ. ಉಚ್ಚಾರ ತಪ್ಪಿದರೆ ಬೆಂಚಿನ ಮೇಲೆ ನಿಂತವಳು. ಹೀಗಾಗಿ ಹಾವೇರಿಯಿಂದ ನನ್ನ ನೆಗೆಣ್ಣಿ ಶಾಂತಕ್ಕ ಫೋನ್ ಮಾಡಿ, "ಸುಪ್ರಿಯಾನ್ನ ನೋಡಾಕ ಬ್ಯಾಡಗಿಯಿಂದ ಬರಾಕತ್ತಾರ. ಆಕಿ ಏನ್ ಓದಾಕತ್ತಾಳ ಅನ್ನೋದನ್ನ ನೀನ ಬಂದು ಹೇಳಬೇಕು ನೋಡವಾ," ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಕೇಳಿದರಲ್ಲ ಎಂಬುದೇ ಆಶ್ಚರ್ಯ!

ಸುಪ್ರಿಯಾ ಶಾಂತಕ್ಕನ ಮಗಳು. ಧಾರವಾಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಚೀನಾ, ಕೊರಿಯಾ ಕಡೆ ಬೆಳೆಯುವ ಜಿನ್ಸೆಂಗ್ ಎಂಬ ಬೇರಿನ ಸತ್ವ ನಮ್ಮ ಮೈಯೊಳಗಿನ ರೋಗನಿರೋಧಕ ಕೋಶಗಳ ಸಿಟ್ಟನ್ನು ಹೇಗೆ ಇಳಿಸುತ್ತದೆ ಎಂಬುದು ಅವಳ ವಿಷಯ. ಹಿಂದೊಮ್ಮೆ ನೋಡಲು ಬಂದವರಿಗೆ ಶಾಂತಕ್ಕನೇ, "ಹುಡುಗಿ ಜೀನ್ಸಿನಾಗ ಪಿಎಚ್‌ಡಿ ಮಾಡಾಕತ್ತಾಳ್ರಿ," ಎಂದುಬಿಟ್ಟಿದ್ದಳು. "ನಮ್ಮ ಮನ್ಯಾಗ ಸೀರಿನ ಉಡಬೇಕ್ರಿ," ಎಂದು ಅವರು ಅರ್ಧ ಚಹಾ ಬಿಟ್ಟು ಎದ್ದಿದ್ದರು.

ಈ ಸಲ ಹಾಗಾಗಬಾರದು. ಏಕೆಂದರೆ ಬ್ಯಾಡಗಿಯ ಪ್ರಶಾಂತ ಸುಪ್ರಿಯಾಳ ಮನಸ್ಸಿಗೆ ಬಂದಿದ್ದ. ಫೋನಿನಲ್ಲಿ ಇಬ್ಬರೂ ಮಾತಾಡಿ ಒಪ್ಪಿಯಾಗಿತ್ತು. ಅವರದು ಮೆಣಸಿನಕಾಯಿ ವ್ಯಾಪಾರದ ಮನೆ. ಕಾಯಿ ಇಡುವ ಕೋಲ್ಡ್ ಸ್ಟೋರೇಜನ್ನು ಪ್ರಶಾಂತ ನೋಡಿಕೊಳ್ಳುತ್ತಾನೆ. ಉಳಿದದ್ದು ಅವನ ಅಜ್ಜಿಯ ಒಪ್ಪಿಗೆ ಒಂದೇ. ಆ ಮನೆಯಲ್ಲಿ ಅಜ್ಜಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ಪೂರ್ವಸಿದ್ಧತೆಗಾಗಿ ಸುಪ್ರಿಯಾಳಿಗೆ ಫೋನ್ ಮಾಡಿದೆ.

"ಕಾಕು, ಔಷಧದ ಮ್ಯಾಲೆ ಸಂಶೋಧನಾ ಮಾಡ್ತಾಳ ಅಂದುಬಿಡು. ಸಾಕು," ಎಂದಳು.

ಅಷ್ಟಕ್ಕೆ ಕಾನ್ವೆಂಟ್ ಯಾಕೆ ಬೇಕಿತ್ತು? "ಇನ್‌ಫ್ಲಮೇಶನ್‌ಗೆ ಕನ್ನಡದಾಗ ಏನಂತಾರ, ಅದನ್ನ ಹೇಳು."

"ಉರಿಯೂತ ಅಂತಾರ. ಆದ್ರ ಕಾಕು..."

'ಆದ್ರ' ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಉರಿಯೂತ! ಎಂಥ ತೂಕದ ಶಬ್ದ! ರಾಣೆಬೆನ್ನೂರಿನಿಂದ ಹಾವೇರಿಯವರೆಗೆ ಬಸ್ಸಿನಲ್ಲಿ ಅದನ್ನೇ ಬಾಯಲ್ಲಿ ಉರುಳಿಸುತ್ತ ಬಂದೆ. ಪಕ್ಕದಲ್ಲಿ ತೂಕಡಿಸುತ್ತಿದ್ದ ಯಜಮಾನರು ಕಣ್ಣು ತೆರೆದು, "ಹಸಿವಾತೇನು?" ಎಂದರು. ಆಗಲೇ ನನಗೆ ಎಚ್ಚರವಾಗಬೇಕಿತ್ತು.

ಶಾಂತಕ್ಕನ ಅಡುಗೆಮನೆಯಲ್ಲಿ ಉಪ್ಪಿಟ್ಟು ಸಿದ್ಧವಾಗಿತ್ತು. ಅದರಲ್ಲಿ ಉದ್ದುದ್ದ ಸೀಳಿದ ಹಸಿಮೆಣಸಿನಕಾಯಿ! ಹಿರಿಯರ ಹಲ್ಲಿಗೆ ಸಿಕ್ಕು, ಕೆಮ್ಮು ಬಂದು, ಕಣ್ಣೀರು ಸುರಿದು ಶುಭಕಾರ್ಯ ಕೆಟ್ಟರೆ? ಇಂಥ ಸೂಕ್ಷ್ಮಗಳು ನನ್ನ ಕಣ್ಣಿಗಷ್ಟೇ ಬೀಳುತ್ತವೆ. ಒಂದೊಂದನ್ನೂ ಆರಿಸಿ ತೆಗೆದು ಬಟ್ಟಲಲ್ಲಿಟ್ಟೆ.

ಬೀಗರು ಬಂದರು. ಪ್ರಶಾಂತ, ಅವನ ತಂದೆ ಶೇಖರಪ್ಪನವರು, ಅಜ್ಜಿ. ಅಜ್ಜಿ ಬಲಗಾಲನ್ನು ನೆಟ್ಟಗೆ ಮುಂದೆ ಚಾಚಿ ಕುಳಿತರು. ಆಗಾಗ ಮೊಣಕಾಲು ನೀವಿಕೊಳ್ಳುತ್ತಿದ್ದರು. ಅದನ್ನೂ ಗಮನಿಸಿ ಮನಸ್ಸಿನಲ್ಲಿಟ್ಟುಕೊಂಡೆ. ಉಪ್ಪಿಟ್ಟಿನ ತಾಟುಗಳು ಬಂದವು.

"ಹುಡುಗಿ ಏನ್ ಓದಾಕತ್ತಾಳ್ರಿ?" ಶೇಖರಪ್ಪನವರು ಕೇಳಿದರು.

ನಾನು ಸೆರಗು ಸರಿಪಡಿಸಿಕೊಂಡೆ. "ಜಿನ್ಸೆಂಗ್ ಅಂತ ಒಂದು ಬೇರು ಐತ್ರಿ. ಅದರಿಂದ ಉರಿಯೂತ ಕಡಿಮಿ ಮಾಡೋದು ಹೆಂಗ ಅಂತ ಆಕಿ ಸಂಶೋಧನಾ."

ಅವರ ಚಮಚ ಉಪ್ಪಿಟ್ಟಿನಲ್ಲೇ ನಿಂತಿತು. "ಉರಿ ಊಟ... ಕಡಿಮಿ ಮಾಡೋದು?"

"ಹೂಂನ್ರಿ! ಎಷ್ಟೋ ರೋಗಕ್ಕ ಅದ ಮೂಲ ನೋಡ್ರಿ."

"ಅಲ್ರೀ ಅಕ್ಕಾರ, ನಾವು ಮುತ್ಯಾನ ಕಾಲದಿಂದ ಅದರಾಗ ಬೆಳದು ಬಂದವರು..."

"ಅದಕ್ಕರೀ! ಕೆಲವರಿಗೆ ಅದು ಮನೆತನದಾಗ ಬಂದಿರತೈತಿ!"

ಯಜಮಾನರು ಕೆಮ್ಮಿದರು. ನಾನು ನೀರು ಕೊಟ್ಟೆ. ಮತ್ತೆ ಕೆಮ್ಮಿದರು. ಇನ್ನೊಂದು ಲೋಟ ಕೊಟ್ಟೆ.

ಶೇಖರಪ್ಪನವರ ದನಿ ಏರಿತು. "ನಮ್ಮ ಕಾಯಿಗೆ ಉರಿನ ಇಲ್ರೀ! ಬರೇ ಬಣ್ಣ! ಕೆಂಪು ಬಣ್ಣ!"

ನನ್ನ ಕಿವಿಗೆ 'ಕಾಯಿ' ಎಂಬುದು 'ಕಾಯ' ಎಂದು ಬಿತ್ತು. ಕಾಯ, ಅಂದರೆ ದೇಹ! ಮೆಣಸಿನಕಾಯಿ ಚೀಲಗಳ ನಡುವೆಯೂ ಎಂಥ ಪುರಾಣದ ಭಾಷೆ, ಎಂಥ ಸಂಸ್ಕಾರ ಎಂದು ತಲೆದೂಗಿದೆ. "ಕೆಂಪಗಾಗೋದ ಮೊದಲನೇ ಲಕ್ಷಣರೀ," ಎಂದೆ.

ಪ್ರಶಾಂತ, "ಅಪ್ಪಾ, ಅದು ಏನಂದ್ರ..." ಎಂದು ಬಾಯಿ ತೆರೆದ. "ನೀ ಸುಮ್ನಿರು," ಎಂದರು ಅಪ್ಪ. ಅವನು ಕರವಸ್ತ್ರದಿಂದ ಬಾಯಿ ಮುಚ್ಚಿ ತಲೆ ತಗ್ಗಿಸಿದ. ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು. ವಿಷಯದ ಗಾಂಭೀರ್ಯ ಹುಡುಗನಿಗೆ ತಟ್ಟಿದೆ ಎಂದುಕೊಂಡೆ.

"ಕಡಿಮಿ ಮಾಡೂದಂದ್ರ ಹೆಂಗ ಮಾಡ್ತಾಳ?" ಈಗ ಅಜ್ಜಿಯೇ ಕೇಳಿದರು.

"ತಾಟಿನಾಗ ಹಾಕಿ ನೋಡ್ತಾಳ್ರಿ ಅಜ್ಜಿ. ಮೊದಲು ಉರಿಯೂತ ಎಷ್ಟೈತಿ ಅಂತ ಅಳೀತಾಳ. ಆಮ್ಯಾಲೆ ಬೇರಿನ ರಸ ಹನಿಸಿ ಇಳಸ್ತಾಳ. ಮದುವಿ ಆದ ಮ್ಯಾಲೆ ನಿಮ್ಮ ಮನ್ಯಾಗ ಒಬ್ಬೊಬ್ಬರದಾ ನೋಡ್ತಾಳ ತಗೋರಿ!"

ಅಜ್ಜಿ ತಮ್ಮ ತಾಟನ್ನು ಚಮಚದಿಂದ ಆ ತುದಿಯಿಂದ ಈ ತುದಿಗೆ ಕೆದಕಿದರು. "ಶೇಖರಾ, ಈಗ ಶುರು ಹಚ್ಯಾರೋ! ಇದರಾಗ ಒಂದ ಒಂದು ಮೆಣಸಿನಕಾಯಿ ಇಲ್ಲ!"

"ನಾನ ಆರಿಸಿ ತಗದೇನ್ರಿ!" ಎಂದೆ, ಹೆಮ್ಮೆಯಿಂದ.

ಶೇಖರಪ್ಪನವರು ತಾಟು ಕೆಳಗಿಟ್ಟರು. ಬಾಗಿಲ ಬಳಿ ಶಾಂತಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ವಿಜ್ಞಾನ ಕಠಿಣವಾಯಿತೇನೋ, ಹೋಲಿಕೆ ಕೊಟ್ಟು ತಿಳಿಸೋಣ ಎಂದು ನಿರ್ಧರಿಸಿದೆ. ನನ್ನ ಜೀವನದ ದೊಡ್ಡ ನಿರ್ಧಾರಗಳಲ್ಲಿ ಅದೂ ಒಂದು.

"ನಮ್ಮ ಮೈಯಾಗ ಕಾವಲು ಕಾಯೋ ಕೋಶ ಇರತಾವ್ರಿ. ಮನಿ ಹಿರ್ಯಾರ ಇದ್ದಂಗ. ಕಳ್ಳ ಬಂದಾಗ ಒದರತಾವು, ಛಲೋನ ಆತು. ಆದ್ರ ಕಳ್ಳ ಹೋದ ಮ್ಯಾಲೂ ಸುಮ್ಮಸುಮ್ಮನ ಒದರಿ, ಕೆಂಪಗಾಗಿ, ಉಬ್ಬಿಕೊಂಡು ಕುಂದರತಾವ. ಅವಕ್ಕ 'ಸಾಕು, ಸುಮ್ನಿರ್ರಿ' ಅಂತ ಹೇಳಿ ಮೆತ್ತಗ ಮಾಡೂದನ್ನ ನಮ್ಮ ಹುಡುಗಿ ಕಲ್ತಾಳ!"

ಅಜ್ಜಿ ಕೆಂಪಗಾದರು. ಉಬ್ಬಿದರು. "ಏಳೋ ಶೇಖರಾ," ಎಂದರು.

ಏಳುವಾಗ ಮೊಣಕಾಲು ಹಿಡಿಯಿತು. "ಯವ್ವಾ!" ಎಂದು ಮತ್ತೆ ಕುಳಿತರು. ಇದೇ ಸಂದರ್ಭಕ್ಕೆ ಕಾದಿದ್ದ ನಾನು ಎದ್ದು ಬೆರಳು ತೋರಿಸಿದೆ. "ನೋಡ್ರಿ! ಅಜ್ಜಿ, ನಿಮ್ಮ ಮೊಣಕಾಲಾಗ ಉರಿಯೂತ ಐತಿ!"

ಅಜ್ಜಿ ಮೊಣಕಾಲು ನೋಡಿಕೊಂಡರು. ನನ್ನನ್ನು ನೋಡಿದರು. ಸಿಟ್ಟು ಹೋಗಿ ಮುಖದಲ್ಲಿ ಕನಿಕರ ಮೂಡಿತು.

"ಮೊಣಕಾಲಾಗ ಊಟ? ತಂಗಿ, ನೀ ಆರಾಮ ಅದಿಯಿಲ್ಲೋ?"

ಅಷ್ಟರಲ್ಲಿ ಚಹಾ ತಂದ ಸುಪ್ರಿಯಾ ಟ್ರೇ ಕೆಳಗಿಟ್ಟು ಅಜ್ಜಿಯ ಕಾಲ ಬಳಿ ಕುಳಿತಳು.

"ಊಟ ಅಲ್ರಿ ಅಜ್ಜಿ. ಬಾವು. ಕಾಕು ಹೇಳಾಕತ್ತಿದ್ದು ಬಾವಿನ ಸುದ್ದಿ."

ಬಾವು! ಎರಡೇ ಅಕ್ಷರ!

"ಮೈಯಾಗ ಬಾವು ಯಾಕ ಬರತೈತಿ, ಆ ಬೇರಿನ ಸತ್ವಕ್ಕ ಹೆಂಗ ಇಳೀತೈತಿ ಅಂತ ನೋಡಾಕತ್ತೇನ್ರಿ. ಅದೂ ಲ್ಯಾಬಿನ ತಾಟಿನಾಗಿನ ಕೋಶದ ಮ್ಯಾಲೆ ಅಷ್ಟ. ನಿಮ್ಮ ಮೊಣಕಾಲಿನ ತನಕ ಬರಾಕ ಅದಕ್ಕ ಇನ್ನೂ ಭಾಳ ದಿನ ಬೇಕು. ಇದನ್ನ ಡಾಕ್ಟರಿಗೆ ತೋರಸ್ರಿ, ಬಿಡಬ್ಯಾಡ್ರಿ."

"ಅಂದ್ರ ನೀ ಖಾರ ತಿಂತೀಯಾ?"

"ಮಿರ್ಚಿ ಭಜಿ ಇಲ್ದ ನನಗ ಚಹಾ ಗಂಟಲದಾಗ ಇಳಿಯೂದಿಲ್ರಿ!"

ಪ್ರಶಾಂತನ ಕರವಸ್ತ್ರ ಜಾರಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಶೇಖರಪ್ಪನವರಿಗೂ ಒಂದೊಂದೇ ಮಾತು ನೆನಪಾಗಿ ಕಂತು ಕಂತಾಗಿ ನಗು ಬರತೊಡಗಿತು.

ಅಜ್ಜಿ ಮಾತ್ರ ನಗಲಿಲ್ಲ. ನನ್ನತ್ತ ತಿರುಗಿದರು. "ಬಾವು ಅನ್ನಾಕ ಇಷ್ಟ್ ಹೊತ್ತು ಬೇಕಾತಾ? ಇರಲಿ. ಆರಿಸಿದ ಕಾಯಿ ಇಟ್ಟೀಯೋ ಚೆಲ್ಲೀಯೋ?"

ಓಡಿಹೋಗಿ ಬಟ್ಟಲು ತಂದೆ. ಅಜ್ಜಿ ಅಷ್ಟನ್ನೂ ತಮ್ಮ ತಾಟಿಗೆ ಸುರಿದುಕೊಂಡು, ಒಂದು ಕಾಯಿ ಕಚ್ಚಿ, ಕಣ್ಣು ಮುಚ್ಚಿ, "ಹೂಂ," ಎಂದರು.

ಆ ಹೂಂ ಕಾಯಿಗೋ, ಹುಡುಗಿಗೋ?

"ಎರಡಕ್ಕೂ," ಎಂದರು ಅಜ್ಜಿ. "ಆದ್ರ ಮದುವಿ ಅಡಗಿಗೆ ಈ ನಿಮ್ಮ ಕಾಕು ಕೈ ಹಚ್ಚಬಾರ್ದು. ಮಾತೂ ಹಚ್ಚಬಾರ್ದು!"

ನಿಶ್ಚಯವಾದ ಮರುವಾರ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ, ನನ್ನ ಹೆಸರಿಗೇ, ಒಂದು ಚೀಲ ಮೆಣಸಿನಕಾಯಿ ಬಂತು. ತಂದವನು, "ಉರಿಊಟದ ಕಾಕು ಮನಿ ಇದರೀ?" ಎಂದು ಓಣಿಯಲ್ಲಿ ನಾಲ್ಕು ಬಾಗಿಲು ಬಡಿದು ವಿಚಾರಿಸಿಕೊಂಡೇ ಬಂದಿದ್ದ. ಆ ಹೆಸರು ಓಣಿಯಲ್ಲಿ ಈಗ ಕಾಯಂ ಆಗಿದೆ.

ಯಜಮಾನರು ಚೀಲ ಬಿಚ್ಚಿ ಒಂದು ಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಏನ್ ಬಣ್ಣ! ಏನ್ ಹೊಳಪು! ಖಾರ ಮಾತ್ರ ಇಲ್ಲ. ನಿಮ್ಮ ಕಾನ್ವೆಂಟ್ ಇದ್ದಂಗ ಐತಿ ನೋಡು."

ತಕ್ಕ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಅದೂ ಶುದ್ಧ ಇಂಗ್ಲಿಷಿನಲ್ಲಿ. ಹೇಳಲು ಬಾಯಿ ತೆರೆದೆ.

ಘಾಟು ಹತ್ತಿ ಕೆಮ್ಮು ಬಂತು. ಯಜಮಾನರು ನೀರು ಕೊಟ್ಟರು.