ಅಂಬೆಯ ಹಳದ

ನಿಜಲಿಂಗಪ್ಪನ ಮೂಗು ಹಾಳಾದದ್ದು ಪ್ರಲ್ಹಾದರಾಯನ ಮೂಗಿನಿಂದ.

ನಿಜಲಿಂಗಪ್ಪ ವಿಜಾಪುರದ ಕಡೆಯವನು. ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ಅಡತಿ ಅಂಗಡಿಯೊಂದರ ಗುಮಾಸ್ತ. ಯಾರ ಗೊಡವೆಗೂ ಹೋಗದ ಆಸಾಮಿ. ಅವನ ಮೂಗಿನ ತುದಿಯ ಮೇಲೆ ಹೆಸರುಕಾಳಿನಷ್ಟು ಒಂದು ಕರಿಯ ಮಚ್ಚೆ ಹುಟ್ಟಿನಿಂದಲೂ ಇತ್ತು. ಇಷ್ಟು ವರ್ಷ ಅವನೂ ಆ ಮಚ್ಚೆಯೂ ಜಗಳವಿಲ್ಲದೆ ಬಾಳಿಕೊಂಡು ಬಂದಿದ್ದರು. ಹೋದ ತಿಂಗಳು ಹೆಂಡತಿ ಶಿವಗಂಗವ್ವ ತವರಿಗೆ ಹೊರಟಾಗ, ಹಲವು ಸಂಸಾರಗಳ ಬಾಡಿಗೆ ವಾಡೆಯಲ್ಲಿ ಎದುರು ಕೋಣೆಯವನಾದ ಪ್ರಲ್ಹಾದರಾಯ ಕರೆಯದೆಯೇ ಬಂದು ಅವಳ ಗಂಟನ್ನು ಟಾಂಗಾದೊಳಗೆ ಎತ್ತಿಟ್ಟ. ದಾರಿಯುದ್ದಕ್ಕೂ ಸುಮ್ಮನಿದ್ದ ಶಿವಗಂಗವ್ವ ರೈಲು ಹತ್ತುವ ಮುಂದೆ ಅಂದಳು:

“ಮೂಗು ಅಂದ್ರ ಪ್ರಲ್ಹಾದರಾಯರದು ನೋಡ್ರಿ. ಸುಣ್ಣಾ ಹಚ್ಚಿದ ಗ್ವಾಡಿ ಇದ್ದಂಗ ಅದ. ಎಲ್ಲೂ ಒಂದು ಕಲಿ ಇಲ್ಲ.”

ರೈಲು ಹೋಯಿತು, ಮಾತು ಉಳಿಯಿತು. ಅಂಗಡಿಯಲ್ಲಿ ಬೆಲ್ಲದ ಪೆಂಟೆ ಎಣಿಸುವಾಗಲೂ ನಿಜಲಿಂಗಪ್ಪನ ಕಣ್ಣಿಗೆ ಆ ಸುಣ್ಣದ ಗೋಡೆಯೇ ಕಾಣುತ್ತಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಪ್ರಲ್ಹಾದರಾಯ ಮುಖ ತೊಳೆಯಲು ಬಗ್ಗಿದರೆ ಇವನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಇಂಥ ಮೂಗು ಇಟ್ಟುಕೊಂಡು ಈ ಮನುಷ್ಯ ಮಾಡುವುದಾದರೂ ಏನು?

ಕಡೆಗೆ ಅವನು ದಂಡಿನ ಪ್ರದೇಶವಾದ ಕ್ಯಾಂಪಿನ ಒಬ್ಬ ಪಾರ್ಸಿ ಡಾಕ್ಟರನ್ನು ಹುಡುಕಿಕೊಂಡು ಹೋದ. ಯುದ್ಧದಲ್ಲಿ ಸಿಪಾಯಿಗಳ ಮುಖ ಹೊಲಿದು ಕೈ ಪಳಗಿದ ಮುದುಕರು ಅವರು. ಹೊಲಿಯಲು ಸಿಪಾಯಿಗಳು ಸಾಲದೆ ಈಗ ಪುಣೆಯ ಶ್ರೀಮಂತರ ಹರಿದ ಕಿವಿ, ನರೂಲಿ, ಮಚ್ಚೆಗಳಿಗೆ ಇಳಿದಿದ್ದರು. ಮಚ್ಚೆಯನ್ನು ಎಳ್ಳಿನಷ್ಟೂ ಗುರುತಿಲ್ಲದಂತೆ ಕಿತ್ತು, ಒಂದು ಹೊಲಿಗೆ ಹಾಕಿ ಕಳಿಸಿದರು.

ಮರುದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಮೂಗಿನ ಜಾಗದಲ್ಲಿ ಒಂದು ಬದನೆಕಾಯಿ ಕೂತಿತ್ತು. ಗಾತ್ರ ಅದರದೇ, ಬಣ್ಣವೂ ಅದರದೇ. ಶಿವಗಂಗವ್ವ ಅಣ್ಣನನ್ನು ಕರೆದುಕೊಂಡು ಅದೇ ದಿನ ಸಂಜೆಯ ಗಾಡಿಗೆ ಬರುವವಳಿದ್ದಳು. ಅವಳು ಬಾಗಿಲಲ್ಲಿ ಕಾಲಿಟ್ಟು ತನ್ನ ಮೂಗನ್ನು ನೋಡಿ ಮಾತು ಮರೆತು ನಿಲ್ಲಬೇಕೆಂಬುದು ನಿಜಲಿಂಗಪ್ಪನ ಆಸೆ. ಈ ಮೂಗನ್ನು ನೋಡಿದರೆ ಮಾತು ಮರೆಯುವುದೇನೋ ಖರೆ, ಆದರೆ ಅವನಂದುಕೊಂಡ ರೀತಿಯಲ್ಲಲ್ಲ.

ಅವನು ದವಾಖಾನೆಗೆ ಓಡಿದ. ಡಾಕ್ಟರು ಇರಲಿಲ್ಲ, ಮಧ್ಯಾಹ್ನದವರೆಗೆ ಕಾದರೂ ಬರಲಿಲ್ಲ. ಕಂಪೌಂಡರನು ಬಾಟಲಿ ತೊಳೆಯುತ್ತಲೇ, “ಆಂಬೇಹಳದ ಉಗಾಳೂನ ಲಾವಾ, ಸೂಜ ಉತರೇಲ” ಅಂದ. ತೇಯ್ದು ಹಚ್ಚಿರಿ, ಬಾವು ಇಳಿಯುತ್ತದೆ ಎಂಬಷ್ಟು ಮರಾಠಿ ನಿಜಲಿಂಗಪ್ಪನಿಗೆ ತಿಳಿಯುತ್ತಿತ್ತು. ಮೊದಲ ಶಬ್ದವೊಂದು ಅವನ ಕಿವಿಯಲ್ಲಿ ಸ್ವಲ್ಪ ಮೊಟಕಾಗಿ ಬಿತ್ತು: ಅಂಬೇ ಹಳದ. ಅಂದರೆ ಅಂಬೆಯ ಅರಿಶಿನ.

ಅಂಬಾ ಯಾರೆಂಬುದು ಅವನಿಗೆ ಗೊತ್ತಿತ್ತು. ಅವನ ವಾಡೆಯ ಮಹಡಿಯ ಮೇಲಿದ್ದ ಹರಿಶ್ಚಂದ್ರ ಮಾಸ್ತರರ ಮಗಳು; ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಅವರ ಮನೆಯಲ್ಲಿ ಆಗಾಗ ಅರಿಶಿನ ಕುಟ್ಟುವ ಸದ್ದು ಕೇಳಿಸುತ್ತಿತ್ತು. ಅಂಬೆಯ ಅರಿಶಿನ ಕ್ಯಾಂಪಿನವರೆಗೂ ಹೆಸರು ಮಾಡಿದೆಯಲ್ಲ ಎಂದು ಅವನಿಗೆ ಅಭಿಮಾನವೇ ಆಯಿತು.

ವಾಡೆಯ ಬಾಗಿಲಿಗೆ ಹೊಂದಿಕೊಂಡು ಉಡುಪಿ ಕಡೆಯ ಸದಾನಂದನ ಚಹಾದ ಹೋಟೆಲು. ಅವನ ಕಣ್ಣು ತಪ್ಪಿಸಿ ಒಳಗೆ ಹೋಗುವುದು ಸಾಧ್ಯವಿರಲಿಲ್ಲ.

“ಎಂತದು ಮಾರಾಯ್ರೆ, ಮೂಗಿಗೆ ಎಂತಾಯ್ತು?”

“ಬಾವು ಬಂದದ.”

“ಅದು ಕಾಣ್ತದೆ. ಕೂತ್ಕೊಳ್ಳಿ, ಬಾವಿಗೆ ನಮ್ಮ ಅಮ್ಮನದ್ದು ಒಂದು ಕಷಾಯ ಉಂಟು.”

ಕಷಾಯದಲ್ಲಿ ಏನೇನಿತ್ತೋ, ಕುಡಿದ ನಿಜಲಿಂಗಪ್ಪನಿಗೆ ಕಿವಿಯಿಂದ ಹಬೆ ಹೊರಟಂತಾಗಿ ಮೈಯೆಲ್ಲ ಬೆವತಿತು. ಮೂಗು ಮಾತ್ರ ಇದ್ದಲ್ಲೇ ಇತ್ತು. “ಅಂಬಾನ ಹಳದಾನ ಬೇಕಂತ” ಎಂದು ಬಾಯಿ ತಪ್ಪಿ ಅಂದು ಅವನು ಎದ್ದ. ಸದಾನಂದ ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡ.

ಎದುರು ಕೋಣೆಯ ರಾಧಾಬಾಯಿಯನ್ನು ಒಂದು ಮಾತು ಕೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವರ ತವರು ಅಕ್ಕಲಕೋಟ. ಕನ್ನಡ ನೀರಿನಂತೆ ಬರುತ್ತಿತ್ತು, ಮನೆಮದ್ದೂ ಬರುತ್ತಿತ್ತು. ಆದರೆ ಅವರು ಪ್ರಲ್ಹಾದರಾಯನ ತಾಯಿ. ಆ ಮೂಗನ್ನು ಹೆತ್ತವರ ಮುಂದೆ ಈ ಮೂಗು ಹಿಡಿದುಕೊಂಡು ನಿಲ್ಲುವುದಕ್ಕಿಂತ ಸಾಯುವುದು ಮೇಲೆಂದುಕೊಂಡು ನಿಜಲಿಂಗಪ್ಪ ಸೀದಾ ಮಹಡಿ ಹತ್ತಿದ.

ಹರಿಶ್ಚಂದ್ರ ಮಾಸ್ತರರು ಹೊರಗೆ ಹೊರಟು ಛತ್ರಿ ಕೈಗೆ ತೆಗೆದುಕೊಂಡಿದ್ದರು. ನಿಜಲಿಂಗಪ್ಪ ತನಗೆ ಬಂದ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ ಕೈಮುಗಿದು ಹೇಳಿದ:

“ಅಂಬೇಚೀ ಹಳದ ಪಾಹಿಜೇ. ಮಲಾ ಲಾವಾಯಚೀ ಆಹೇ.”

ಅಂಬೆಯ ಅರಿಶಿನ ಬೇಕು, ನನಗೆ ಹಚ್ಚಬೇಕಾಗಿದೆ. ಮದುವೆಯ ಮುಂಚೆ ಮದುಮಕ್ಕಳಿಗೆ ಅರಿಶಿನ ಹಚ್ಚುವ ನಾಡಿನಲ್ಲಿ, ಬೆಳೆದ ಮಗಳ ತಂದೆಯ ಮುಂದೆ ಈ ಮಾತಿಗೆ ಇರುವುದು ಒಂದೇ ಅರ್ಥ. ಮಾಸ್ತರರು ಚಷ್ಮಾ ಸರಿಮಾಡಿಕೊಂಡು, ನಿಮಗೆ ಈಗಾಗಲೇ ಹೆಂಡತಿ ಇದ್ದಾಳಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಹಚ್ಚಿಕೊಡಲು ಮನೆಯಲ್ಲಿ ಹೆಂಗಸರಿಲ್ಲವೇ ಎಂದು ಕೇಳುತ್ತಿದ್ದಾರೆಂದು ನಿಜಲಿಂಗಪ್ಪ ತಿಳಿದ.

“ಇದ್ದಾಳೆ, ಊರಿಗೆ ಹೋಗಿದ್ದಾಳೆ” ಎಂದು ಅವನು ಮರಾಠಿಯಲ್ಲೇ ವಿನಯದಿಂದ ಹೇಳಿದ. “ಸಂಜೆ ಬರುತ್ತಾಳೆ. ಅಷ್ಟರೊಳಗೆ ಮುಗಿಸಿಬಿಡಬೇಕು.”

ಛತ್ರಿ ಮೊದಲು ಹೆಗಲ ಮೇಲೆ, ಆಮೇಲೆ ಕೆನ್ನೆಯ ಮೇಲೆ, ಕೊನೆಗೆ ಬೇಕಾದ ಜಾಗದ ಮೇಲೆಯೇ ಬಿತ್ತು. ಹತ್ತುವಾಗ ಒಂದೊಂದಾಗಿ ಹತ್ತಿದ ಮೆಟ್ಟಿಲುಗಳನ್ನು ಇಳಿಯುವಾಗ ಅವನು ಎಣಿಸಲಿಲ್ಲ. ನಲ್ಲಿಯ ಹತ್ತಿರ ನಿಂತ ಹೆಂಗಸರೆಲ್ಲ ಕೊಡ ಅಲ್ಲಲ್ಲೇ ಬಿಟ್ಟು ಮಾಸ್ತರರ ಬೈಗುಳವನ್ನು ಕೇಳಿದರು.

ರಾಧಾಬಾಯಿ ಅವನ ತೋಳು ಹಿಡಿದು ತಮ್ಮ ಪಡಸಾಲೆಗೆ ಎಳೆದುಕೊಂಡರು. ನಡೆದದ್ದನ್ನು ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು.

“ಅಂಬಾ ಅಲ್ಲೋ ಮಾರಾಯಾ, ಆಂಬಾ. ಆ ಅಂತ ಉದ್ದಕ ಎಳೀಬೇಕು. ಆಂಬಾ ಅಂದ್ರ ಮಾವಿನಹಣ್ಣು. ಮಾವಿನಕಾಯಿ ವಾಸನಿ ಬರೋ ಅರಿಷಿಣದ ಬ್ಯಾರು ಇರ್ತದ, ಬಾವಿಗೆ ಹಚ್ಚತಾರ.”

ಒಂದು ದೀರ್ಘ ಬಿಟ್ಟದ್ದಕ್ಕೆ ಮೂರು ಏಟು. ಮರಾಠಿ ಕಲಿಯುವುದು ಇಷ್ಟು ತುಟ್ಟಿ ಎಂದು ಅವನಿಗೆ ಗೊತ್ತಿರಲಿಲ್ಲ.

ನೋಡಿದರೆ ಸಾಣೆಕಲ್ಲಿನ ಮೇಲೆ ಆಂಬೇಹಳದ ಆಗಲೇ ತೇಯ್ದು ಸಿದ್ಧವಾಗಿತ್ತು. “ಇದು ಯಾರಿಗೆ ತೇದೀರಿ?” ಎಂದು ನಿಜಲಿಂಗಪ್ಪ ಕೇಳಿದ.

“ಮನ್ಯಾಗ ಒಂದಿಷ್ಟು ಇರಲಿ ಅಂತ” ಅಂದರು ರಾಧಾಬಾಯಿ, ಒಳಕೋಣೆಯ ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ನೋಡಿ. “ಪ್ರಲ್ಹಾದಗ ನೆಗಡಿ ಆಗ್ಯದ, ಮಲಗ್ಯಾನ.”

ಸುಣ್ಣದ ಗೋಡೆಯಿಂದಲೂ ನೀರು ಸೋರುತ್ತಿದೆ ಎಂದು ಕೇಳಿ ನಿಜಲಿಂಗಪ್ಪನಿಗೆ ಆ ದಿನದ ಮೊದಲ ಸಂತೋಷವಾಯಿತು. ರಾಧಾಬಾಯಿ ಲೇಪ ಹಚ್ಚಲು ಅವನ ಗದ್ದ ಎತ್ತಿದವರು ಕೈ ಹಿಂದೆ ತೆಗೆದರು.

“ಮಚ್ಚಿ ಎಲ್ಲಿ?”

“ತಗಿಸಿದೆ.”

“ತಗಿಸಿದ್ಯಾ? ಯಾರರೆ ತಗಸ್ತಾರೇನು ಅದನ್ನ?” ಅವರು ಮತ್ತೆ ಆ ಮುಚ್ಚಿದ ಬಾಗಿಲನ್ನು ನೋಡಿದರು. ಮುಂದೇನೋ ಹೇಳಬೇಕೆಂದವರು ಹೇಳದೆ, ಹೊಲಿಗೆಯೊಂದನ್ನು ಬಿಟ್ಟು ಮೂಗು, ಕೆನ್ನೆ, ಹಣೆಗೆಲ್ಲ ಲೇಪ ಬಳಿದರು. ಗಾಯ ನೋಡಲು ಬಂದ ನಲ್ಲಿಯ ಹೆಂಗಸರು ಸುತ್ತ ಕೂತು ಇಲ್ಲೊಂದಿಷ್ಟು, ಅಲ್ಲೊಂದಿಷ್ಟು ಎಂದು ಕೈ ತೋರಿಸುತ್ತಿದ್ದರು. ಇಷ್ಟೆಲ್ಲ ಆಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹೊರಗೆ ಟಾಂಗಾ ನಿಂತ ಸದ್ದಾಯಿತು. ಅದರ ಹಿಂದೆಯೇ ಸದಾನಂದನ ದನಿ ಕೇಳಿಸಿತು:

“ಬಂದ್ರಾ ಅಕ್ಕ? ಒಳ್ಳೇ ಹೊತ್ತಿಗೆ ಬಂದ್ರಿ. ಒಳಗೆ ನಿಮ್ಮ ಯಜಮಾನರಿಗೆ ಹಳದಿ ಹಚ್ತಾ ಇದ್ದಾರೆ. ಮಹಡಿಯ ಅಂಬೆಯ ಹಳದಿಯಂತೆ. ಮಧ್ಯಾಹ್ನ ಹೋಗಿ ಕೇಳಿದ್ರು, ಮಾಸ್ತರು ಕೊಡುದಿಲ್ಲ ಅಂತ ಹೊಡೆದ್ರು. ಈಗ ರಾಧಾಬಾಯಿಯವರೇ ನಿಂತು ನಡೆಸ್ತಾ ಇದ್ದಾರೆ ಕಾಣ್ತದೆ.”

ನಿಜಲಿಂಗಪ್ಪ ಏಳಬೇಕೆನ್ನುವಷ್ಟರಲ್ಲಿ ಶಿವಗಂಗವ್ವ ಹೊಸಿಲಲ್ಲಿ ನಿಂತಿದ್ದಳು. ಅವಳಿಗೆ ಕಂಡದ್ದು ಹೆಂಗಸರ ನಡುವೆ ಮಣೆಯ ಮೇಲೆ ಅರಿಶಿನ ಬಳಿದುಕೊಂಡು ಕೂತ ಗಂಡ. ಅವಳು ಮಾತು ಮರೆಯಲಿಲ್ಲ.

“ನಾ ಇನ್ನೂ ಜೀವಂತ ಅದೀನ್ರಿ. ಒಂದು ತಿಂಗಳು ತವರಿಗೆ ಹೋಗೂದ್ರಾಗ ಮದಿಮಗಾ ಆಗಿ ಕುಂತೀರಿ? ಆಕಿ ಶಾಲಿಗೆ ಹೋಗೂ ಮುಂದ ನೀವು ಕಿಟಕ್ಯಾಗ ನಿಂತು ಹಲ್ಲು ತಿಕ್ಕೋದು ನಾ ಕಂಡಿಲ್ಲೇನು? ಆಕಿ ಇಂಗ್ಲಿಷ್ ಓದ್ಯಾಳ, ನಾ ರೊಟ್ಟಿ ಬಡೀತೀನಿ, ಅಷ್ಟ ಅಲ್ಲರೀ?”

ತನ್ನ ಸಲುವಾಗಿಯೂ ಒಬ್ಬರಿಗೆ ಹೊಟ್ಟೆಕಿಚ್ಚು ಇದೆಯೆಂದು ತಿಳಿದು ನಿಜಲಿಂಗಪ್ಪನಿಗೆ ಒಳಗೊಳಗೇ ಹಿತವಾಯಿತು. ಆ ಹಿತ ನಗುವಾಗಿ ಮುಖದ ಮೇಲೆ ಬಂದದ್ದೇ ತಪ್ಪಾಯಿತು. ಶಿವಗಂಗವ್ವನ ಅಣ್ಣ ಈರಬಸಪ್ಪ ಗರಡಿಯಲ್ಲಿ ಬೆಳೆದ ಮನುಷ್ಯ. “ಮ್ಯಾಲ ನಗ್ತೀಯಾ ನಿಜಲಿಂಗಪ್ಪ?” ಎಂದು ಮೆಲ್ಲಗೆ ಕೇಳಿ, ಕೈ ಬೀಸಿದ. ಬಡಿದದ್ದು ಮೂಗಿಗೇ.

ರಾಧಾಬಾಯಿ ನಡುವೆ ಬಂದು ಅಂಬಾ, ಆಂಬಾ, ದೀರ್ಘ, ಹ್ರಸ್ವ ಎಲ್ಲ ಬಿಡಿಸಿ ಹೇಳಿದರು. ಈರಬಸಪ್ಪ ಎಲ್ಲ ಕೇಳಿ ತನ್ನ ಕೈಗೆ ಅಂಟಿದ ಹಳದಿಯನ್ನು ನೋಡಿಕೊಂಡ.

“ಹಂಗಾದ್ರ ಕಲ್ಲಿನ ಮ್ಯಾಲ ಉಳಿದದ್ದೂ ಹಚ್ಚಿಬಿಡ್ರಿ” ಅಂದ. “ಈಗ ಖರೇನ ಬೇಕಾಗ್ತದ.”

ಶಿವಗಂಗವ್ವ ಕಣ್ಣೊರೆಸಿಕೊಂಡು ನೀರು ತಂದಳು. ಗಂಡನ ಎದುರು ಕೂತು ಸೆರಗಿನ ತುದಿಯಿಂದ ಮೂಗನ್ನು ನಿಧಾನವಾಗಿ ಒರೆಸಿದಳು. ನಿಜಲಿಂಗಪ್ಪ ಉಸಿರು ಹಿಡಿದ. ತಿಂಗಳಿಡೀ ಕಾಯುತ್ತಿದ್ದ ಗಳಿಗೆ ಇದೇ.

“ಅಯ್ಯ, ನಿಮ್ಮ ಮಚ್ಚಿ ಎಲ್ಲಿ ಹೋತ್ರಿ?”

“ತಗಿಸಿಬಿಟ್ಟೆ” ಅಂದ ಅವನು. “ನಿನ್ನ ಸಲುವಾಗೇ ತಗಿಸೀನಿ. ಬಾವು ಇಳೀಲಿ, ಆಮ್ಯಾಲ ನೋಡು. ಇದೂ ಸುಣ್ಣಾ ಹಚ್ಚಿದ ಗ್ವಾಡೀನ.”

ಶಿವಗಂಗವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಗದ್ದಲಕ್ಕೆ ಎದ್ದ ಪ್ರಲ್ಹಾದರಾಯ ಹೊರಗೆ ಬಂದು ಮುಖಕ್ಕೆ ಸುತ್ತಿದ್ದ ಪಂಚೆಯನ್ನು ತೆಗೆದ. ಮೂಗಿನ ಸುತ್ತ ಒಣಗಿದ ಆಂಬೇಹಳದ. ತುದಿಯ ಮೇಲೆ, ನಟ್ಟನಡುವೆ, ಹೆಸರುಕಾಳಿನಷ್ಟು ಕಪ್ಪಗೆ ಒಂದು ಹೊಸ ಹಚ್ಚೆಬೊಟ್ಟು.

“ಇನ್ನ ಮುಚ್ಚಿಟ್ಟು ಏನು ಬಂತು” ಎಂದು ರಾಧಾಬಾಯಿ ನಿಟ್ಟುಸಿರುಬಿಟ್ಟರು. “ಇವನ್ನ ನೋಡಿದ ಹುಡಿಗ್ಯಾರೆಲ್ಲ ಒಲ್ಲೆ ಅಂದ್ರು. ಗಂಡಸಿಗೆ ಮೂಗಿನ ಮ್ಯಾಲ ಮಚ್ಚಿ ಇದ್ರ ಹೆಂಡತಿ ಪ್ರೀತಿ ಜಾಸ್ತಿ ಅಂತ ನಮ್ಮ ಕಡೆ ಅಂತಾರ. ನಿಮ್ಮ ನಿಜಲಿಂಗಪ್ಪನ ಸಂಸಾರ ಕಣ್ಣಮುಂದನ ಇತ್ತಲ್ಲ. ಅದಕ್ಕ ನಿನ್ನೆ ಹಚ್ಚಿ ಹಾಕಿಸ್ಕೊಂಡು ಬಂದ. ಅದೂ ಬಾತಿತ್ತು.”

ಪ್ರಲ್ಹಾದರಾಯ ತಲೆ ತಗ್ಗಿಸಿ, ತಾಯಿಯಿಂದ ಕಲಿತ ಕನ್ನಡದಲ್ಲಿ ಅಂದ: “ನಿಮ್ಮ ಮಚ್ಚಿ ನೋಡಿ ನನಗ ಭಾಳ ಹೊಟ್ಟೆಕಿಚ್ಚ ಇತ್ತರೀ, ನಿಜಲಿಂಗಪ್ಪನವರ.”

ನಿಜಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. ಶಿವಗಂಗವ್ವ ಅವನನ್ನು ನೋಡುತ್ತಿರಲಿಲ್ಲ. ಒದ್ದೆ ಸೆರಗನ್ನು ಕೈಯಲ್ಲೇ ಹಿಡಿದು, ತಲೆ ಸ್ವಲ್ಪ ವಾರೆ ಮಾಡಿ, ಎದುರಿನ ಮೂಗನ್ನು ಮನಸ್ಸಿಟ್ಟು ನೋಡುತ್ತಿದ್ದಳು.

“ಬೋಳು ಗ್ವಾಡಿಗೆ ದೇವರ ಪಟಾ ಹಾಕಿದಂಗ ಆಗ್ಯದ ನೋಡ್ರಿ” ಅಂದಳು. “ಮೂಗು ಅಂದ್ರ ಹಿಂಗಿರಬೇಕು.”

ಹೆಂಗಸರು ಕೊಡ ಎತ್ತಿಕೊಂಡು ಹೋದರು. ಈರಬಸಪ್ಪ ಚಹಾಕ್ಕೆಂದು ಸದಾನಂದನ ಹೋಟೆಲಿಗೆ ನಡೆದ. ಎಲ್ಲರೂ ಚದುರಿದ ಮೇಲೂ ನಿಜಲಿಂಗಪ್ಪ ಮಣೆಯ ಮೇಲೇ ಕೂತಿದ್ದ. ಆಮೇಲೆ ಮೆಲ್ಲಗೆ ರಾಧಾಬಾಯಿಯ ಹತ್ತಿರ ಸರಿದು, ಯಾರಿಗೂ ಕೇಳದಂತೆ ಕೇಳಿದ:

“ಹಚ್ಚಿ ಹಾಕಾಕಿ ಮನಿ ಎಲ್ಲಿ ಬರ್ತದ್ರಿ?”

ರಾಧಾಬಾಯಿ ಡಬ್ಬಿಯಿಂದ ಇನ್ನೊಂದು ಆಂಬೇಹಳದದ ಬೇರು ತೆಗೆದು ಸಾಣೆಕಲ್ಲಿನ ಮುಂದೆ ಕೂತರು.