ನಮ್ಮ ಮನೆಯಲ್ಲಿ ಹಾಲುಕ್ಕಿಸಿದವರು

ಮನೆ ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿರುವವನಿಗೆ, ತನ್ನ ಮನೆಯಲ್ಲಿ ಯಾರಿದ್ದಾರೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ತಿಳಿಯುತ್ತದೆ. ನನಗೆ ಹೀಗೆ ತಿಳಿದದ್ದು ಒಂದು ಸಲವಲ್ಲ.

ತೊಂಬತ್ತರ ದಶಕದಲ್ಲಿ ನಾನು ಸೊರಬದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಯಾರ ಜಮೀನು ಯಾರ ಸ್ವಾಧೀನದಲ್ಲಿದೆ ಎಂದು ಪಹಣಿ ನೋಡಿ ಹೇಳುವುದು ನನ್ನ ಕೆಲಸ. ಶಿಕಾರಿಪುರದಲ್ಲಿ ನನ್ನ ತಂದೆ ಕಟ್ಟಿಸಿದ ಮನೆಯೊಂದಿತ್ತು. ಅದು ಯಾರ ಸ್ವಾಧೀನದಲ್ಲಿದೆ ಎಂದು ಹೇಳುವ ಕಾಗದ ಮಾತ್ರ ಯಾವ ಕಚೇರಿಯಲ್ಲೂ ಇರಲಿಲ್ಲ.

ಮನೆಯನ್ನು ಒಬ್ಬ ಶಾಲಾ ಮೇಷ್ಟ್ರಿಗೆ ಕೊಟ್ಟಿದ್ದೆ. ‘ಮಾಲೀಕರ ಅಪ್ಪಣೆಯಿಲ್ಲದೆ ಬೇರೆಯವರನ್ನು ಇಟ್ಟುಕೊಳ್ಳತಕ್ಕದ್ದಲ್ಲ’ ಎಂಬ ಸಾಲನ್ನು ಕರಾರಿನಲ್ಲಿ ನಾನೇ ಹೇಳಿ ಬರೆಸಿದ್ದೆ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, “ಬಹಳ ಸ್ಪಷ್ಟವಾಗಿದೆ” ಎಂದು ಮೆಚ್ಚಿ ಸಹಿ ಹಾಕಿದ್ದರು. ಮಗಳ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನಾನು ಶಿಕಾರಿಪುರಕ್ಕೆ ವರ್ಗ ಮಾಡಿಸಿಕೊಳ್ಳಬೇಕು, ಆ ಮನೆಯಲ್ಲಿದ್ದು ಅವಳನ್ನು ಅಲ್ಲಿನ ಕಾಲೇಜಿಗೆ ಸೇರಿಸಬೇಕು ಎಂದು ನನ್ನ ಹೆಂಡತಿ ಮೂರು ವರ್ಷ ಮೊದಲೇ ತೀರ್ಮಾನಿಸಿದ್ದಳು. ಆ ಹೊತ್ತಿಗೆ ಮನೆ ಖಾಲಿ ಇರುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಪಾಯಸ

ಒಂದು ಭಾನುವಾರ ಹೋಗಿ ಬಾಗಿಲು ತಟ್ಟಿದರೆ, ನಾನು ಎಂದೂ ನೋಡದ ತುಂಬು ಬಸುರಿಯೊಬ್ಬಳು ತೆರೆದಳು. ಬಾಗಿಲಿಗೆ ಹೊಸ ಮಾವಿನ ತೋರಣ. ಒಳಗಿನಿಂದ ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ.

“ಬರ್ರಿ ಅಣ್ಣಾರೆ, ಹೊತ್ತಿಗೆ ಸರಿಯಾಗಿ ಬಂದೀರಿ. ಈಗಷ್ಟಾ ಹಾಲುಕ್ಕಿಸೇವಿ” ಎಂದಳು. ಹೊಸ ಮನೆಗೆ ಬಂದವರು ಹಾಲು ಉಕ್ಕಿಸುತ್ತಾರೆಂಬುದು ಗೊತ್ತಿತ್ತು. ಆ ಹೊಸ ಮನೆ ನನ್ನದೆಂಬುದು ಈಗ ಗೊತ್ತಾಯಿತು.

“ಮಾಲೀಕರನ್ನ ಕೇಳಿದ್ರೇನಮ್ಮ?” ಎಂದೆ.

“ಮೇಷ್ಟ್ರು ಕೇಳ್ತಾರಂತ್ರಿ. ಸೊರಬದಾಗ ಅದಾರಂತ. ಬಾಳ ಒಳ್ಳೆ ಮನುಷ್ಯಾ, ಬ್ಯಾಡ ಅನ್ನಂಗಿಲ್ಲ ಅಂದ್ರು.”

ಒಳಗೆ ಕೂರಿಸಿ ಕೈಗೆ ಒಂದು ಬಟ್ಟಲು ಪಾಯಸ ಕೊಟ್ಟಳು. ಅದು ಮುಗಿಯುವಷ್ಟರಲ್ಲಿ ಹಿಂದಿನ ಕೋಣೆಯಿಂದ ಮೇಷ್ಟ್ರು ಬಂದರು. ನನ್ನನ್ನು ಪಕ್ಕಕ್ಕೆ ಕರೆದು, “ಗಂಡ ಲಾರಿ ಓಡಿಸ್ತಾನೆ ಸಾರ್. ತಿಂಗಳಲ್ಲಿ ನಾಕು ದಿನ ಊರಲ್ಲಿದ್ರೆ ಹೆಚ್ಚು. ಇಂಥ ಸ್ಥಿತಿಯಲ್ಲಿ ಬಂದು ನಿಂತಾಗ ಇಲ್ಲ ಅನ್ನೋಕೆ ನಂಗೆ ಬಾಯಿ ಬರಲಿಲ್ಲ. ನೀವೇ ಅಂದುಬಿಡಿ” ಎಂದರು.

ಅನ್ನಬೇಕೆಂದೇ ತಿರುಗಿದೆ. ಆಕೆ ನನ್ನ ಬಟ್ಟಲಿಗೆ ಎರಡನೇ ಸಲ ಪಾಯಸ ಹಾಕುತ್ತಿದ್ದಳು.

ಸೊರಬಕ್ಕೆ ಮರಳಿದ ಮೇಲೆ ಹೆಂಡತಿ, “ಹೇಳಬೇಕಾದ್ದು ಹೇಳಿದ್ರಾ?” ಎಂದಳು.

“ಹೇಳಿದೆ.”

“ಏನಂತ?”

“ದ್ರಾಕ್ಷಿ ಇನ್ನೊಂದು ಸ್ವಲ್ಪ ಹಾಕಬಹುದಿತ್ತು ಅಂತ.”

ಅಳತೆ

ಮರುವರ್ಷ ಹೋದಾಗ ಜಗಲಿಯ ಮೇಲೆ ಹೊಲಿಗೆ ಯಂತ್ರ ಕಂಡಿತು. ಯಂತ್ರದ ಹಿಂದೆ ಬಿಳಿ ಗಡ್ಡದ ಹಿರಿಯ ದರ್ಜಿ. ಶಿರಾಳಕೊಪ್ಪದವರು, ಜನ ‘ಚಾಚಾ’ ಎಂದು ಕರೆಯುತ್ತಿದ್ದರು. ನನ್ನ ಕೈಯಲ್ಲಿ ಆಗತಾನೆ ಪೇಟೆಯಲ್ಲಿ ಕೊಂಡ ಅಂಗಿಬಟ್ಟೆಯ ಪೊಟ್ಟಣವಿತ್ತು. ಅವರು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಕುತ್ತಿಗೆಯ ಟೇಪು ಇಳಿಸಿ ಎದ್ದುನಿಂತರು.

“ಈ ಜಗಲಿ ನಿಮಗೆ ಯಾರು ಕೊಟ್ಟರು?” ಎಂದು ಬಿಗಿಯಾಗಿಯೇ ಕೇಳಿದೆ.

“ಒಳಗಿನ ತಂಗಿ ಕೊಟ್ಟಾಳ್ರಿ. ಕೈ ಎತ್ರಿ.”

ಕೈ ಎತ್ತಿದೆ. ಲಾರಿಯವನ ಹೆಂಡತಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದಳು. “ಮನ್ಯಾಗ ಗಂಡಸು ಇರಂಗಿಲ್ಲ ಅಣ್ಣಾರೆ. ಬಾಗಿಲಾಗ ಹಿರೇರು ಒಬ್ರಿದ್ರ ನನಗೂ ಧೈರ್ಯ. ಚಾಚಾಗ ಪ್ಯಾಟ್ಯಾಗಿನ ಅಂಗಡಿ ಬಿಡಿಸಿದ್ರು, ಅದಕ್ಕ ಇಲ್ಲೇ ಕುಂದರ್ರಿ ಅಂದೆ.”

ಕೈ ಎತ್ತಿಕೊಂಡೇ ಇದ್ದವನು ಹೇಳಿದೆ: “ನಾನು ಈ ಮನೆಯ ಮಾಲೀಕ.”

ಚಾಚಾ ಟೇಪು ನಿಲ್ಲಿಸಿದರು. “ಮೊದಲಾ ಹೇಳಬಾರ್ದೇನ್ರಿ” ಎಂದು, ಬರೆದುಕೊಂಡಿದ್ದ ಎದೆಯಳತೆಯನ್ನು ಹೊಡೆದುಹಾಕಿ ಒಂದಿಂಚು ಹೆಚ್ಚಿಸಿ ಬರೆದರು. “ಮಾಲೀಕರಿಗೆ ಎದಿ ಹತ್ರ ಬಿಗಿ ಆಗಬಾರ್ದು.”

ಅಂಗಿ ಚೆನ್ನಾಗಿಯೇ ಬಂತು. ಎದೆಯ ಹತ್ತಿರ ಮಾತ್ರ ಸಡಿಲ. ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಅಲ್ಲ ಮಾರಾಯ್ರೇ, ಇಷ್ಟು ದೊಡ್ಡ ಎದೆ ಇದ್ದಿದ್ರೆ ಮನೆ ಯಾವತ್ತೋ ಖಾಲಿ ಆಗ್ತಿತ್ತು” ಎಂದಳು.

ನೋಟಿಸು

ಮಗಳು ಹತ್ತನೇ ತರಗತಿಗೆ ಬಂದಳು. ಇನ್ನು ತಡೆಯಬಾರದೆಂದು ಹೆಂಡತಿಯೇ ನನ್ನನ್ನು ಬಸ್ಸು ಹತ್ತಿಸಿ ಶಿಕಾರಿಪುರದ ಒಬ್ಬ ವಕೀಲರ ಹತ್ತಿರ ಕಳಿಸಿದಳು. ಮನೆಗೆ ಹೋಗಕೂಡದು, ಯಾರ ಮುಖವನ್ನೂ ನೋಡಕೂಡದು, ಏನು ಕೊಟ್ಟರೂ ತಿನ್ನಕೂಡದು ಎಂದು ಮೂರು ಕಟ್ಟಪ್ಪಣೆ.

ವಕೀಲರು ನೋಟಿಸು ಹೇಳಿ ಬರೆಸಿದರು. ಮೂಲೆಯಲ್ಲಿ ಕೂತಿದ್ದ ತೆಳ್ಳಗಿನ ಟೈಪಿಸ್ಟು ತಲೆ ಎತ್ತದೆ ಟೈಪು ಮಾಡಿದ. ನಾನು ಸಹಿ ಹಾಕಿ ಸೊರಬಕ್ಕೆ ಮರಳಿದೆ. ಉತ್ತರವೇ ಬರಲಿಲ್ಲ. ತಿಂಗಳಾದ ಮೇಲೆ ಕಟ್ಟಪ್ಪಣೆ ಮುರಿದು ಮನೆಗೇ ಹೋದೆ. ಜಗಲಿಯ ಪಕ್ಕದ ಸಣ್ಣ ಕೋಣೆಯಿಂದ ಅದೇ ಟೈಪಿಸ್ಟು ಹಲ್ಲುಜ್ಜುತ್ತ ಹೊರಗೆ ಬಂದ.

“ನೀನು ಇಲ್ಲಿ?”

ಬಾಯಿ ಮುಕ್ಕಳಿಸಿ ಬಂದು ಕೈಮುಗಿದ. “ಚಾಚಾ ಕೊಟ್ಟಾರ್ರಿ ಈ ಕೋಣೆ. ಅವರಿಗೆ ಬಟ್ಟೆ ಇಡಾಕ ಅಂತ ಅಕ್ಕಾರು ಕೊಟ್ಟಿದ್ದು, ನನಗೂ ಎಲ್ಲೂ ಕೋಣೆ ಸಿಗವಲ್ದಾಗಿತ್ತು.”

“ಹಾಗಾದರೆ ಆ ನೋಟಿಸು…”

“ವಿಳಾಸ ಹೇಳಿದಾಗನ ಗೊತ್ತಾತ್ರಿ ನಮ್ಮನೀದಾ ಅಂತ. ಆದ್ರೂ ಒಂದು ತಪ್ಪಿಲ್ಲದಂಗ ಟೈಪು ಮಾಡೇನಿ ಸಾರ್, ಬೇಕಾದ್ರ ನೋಡ್ರಿ.”

“ತಲುಪಿಸಿದ್ದು?”

“ಅಂಚೆ ಖರ್ಚು ಯಾಕ್ರಿ ನಿಮಗ ಸುಮ್ನ? ನಾನಾ ತಂದೆ. ಹೆಂಗೂ ಮನಿಗೇ ಬರೋನಿದ್ನೆಲ್ಲ.”

ಕರಾರು

ಮೇ ತಿಂಗಳಲ್ಲಿ ವರ್ಗದ ಆದೇಶ ಬಂತು. ಮಗಳು ಒಳ್ಳೆಯ ಅಂಕ ತೆಗೆದು ಶಿಕಾರಿಪುರದ ಕಾಲೇಜಿಗೆ ಅರ್ಜಿ ಹಾಕಿದಳು. ಕಾಲೇಜು ಶುರುವಾಗಲು ಎರಡು ವಾರವಿತ್ತು. ಬೇರೆ ಮನೆ ಹುಡುಕೋಣವೆಂದು ಊರೆಲ್ಲ ಸುತ್ತಿದೆ. ಒಂದೂ ಸಿಗಲಿಲ್ಲ. ಸಿಗುವ ಹಾಗಿದ್ದರೆ ಟೈಪಿಸ್ಟಿಗೇ ಸಿಕ್ಕಿರುತ್ತಿತ್ತು. ಕಡೆಗೆ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ನಮ್ಮ ಮನೆಯ ಜಗಲಿಗೆ ಹೋಗಿ ಕುಳಿತು ಎಲ್ಲರಿಗೂ ವಿಷಯ ಹೇಳಿದೆ. ಹೇಳುವಾಗ ಲಾರಿಯವನ ಮಗು ನನ್ನ ತೊಡೆಯ ಮೇಲಿತ್ತು.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಅನುಕೂಲವಾಗುತ್ತಿತ್ತು. “ಹೆಣ್ಣುಮಗಳ ಓದು ನಿಲ್ಲಬಾರ್ದು” ಎಂದು ಚಾಚಾ ಯಂತ್ರ ನಿಲ್ಲಿಸಿದರು. ಲಾರಿಯವನ ಹೆಂಡತಿ ನನ್ನ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದಳು. ಆಗ ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು. ಅವರಿಗೆ ಸೊರಬ ತಾಲೂಕಿನ ಜಡೆ ಎಂಬ ಊರಿನ ಕಡೆಯ ಶಾಲೆಗೆ ವರ್ಗವಾಗಿದೆಯಂತೆ.

“ಹಿಂದಿನ ಎರಡು ಕೋಣೆ, ಅಡುಗೆಮನೆ ಬಿಟ್ಟುಕೊಡ್ತೀನಿ ಸಾರ್. ಆದರೆ ಕಾಗದದಲ್ಲಿ ಬಾಡಿಗೆದಾರ ನಾನು. ನಾನು ಪೂರ್ತಿ ಬಿಟ್ಟರೆ ಇವರೆಲ್ಲ ಯಾವ ಆಧಾರದ ಮೇಲೆ ಇರಬೇಕು? ಅದಕ್ಕೇ ಆ ಎರಡು ಕೋಣೆ ಮಾತ್ರ ನಿಮಗೆ ಬಾಡಿಗೆಗೆ ಕೊಡ್ತೀನಿ.”

ಹೆಂಡತಿ ಏನು ಹೇಳುತ್ತಾಳೋ ಎಂದು ಒಳಗೆ ನೋಡಿದೆ. ಅವಳ ಕೈಯಲ್ಲಿ ಪಾಯಸದ ಬಟ್ಟಲಿತ್ತು.

ಟೈಪಿಸ್ಟು ಸಂಜೆಯೊಳಗೆ ಕರಾರು ತಯಾರಿಸಿ ತಂದ. ಹಳೆಯ ಕರಾರನ್ನೇ ನೋಡಿ ಟೈಪು ಮಾಡಿದ್ದ. ನನ್ನ ಸಾಲೂ ಹಾಗೇ ಇತ್ತು. ನಾನು ಅದನ್ನು ಗಟ್ಟಿಯಾಗಿ ಓದಿ, “ಬಹಳ ಸ್ಪಷ್ಟವಾಗಿದೆ” ಎಂದು ಸಹಿ ಹಾಕಿದೆ.

“ಇಲ್ಲೊಂದು ಹಾಕ್ರಿ ಸಾರ್” ಎಂದು ಅವನು ಕೆಳಗೆ ಬೆರಳಿಟ್ಟ. “ಮೇಷ್ಟ್ರು ನಿಮ್ಮನ್ನ ಇಟ್ಕೊಳ್ಳಾಕ ಮಾಲೀಕರ ಅಪ್ಪಣೆ ಬೇಕೆಲ್ಲ.”

ನನ್ನನ್ನು ಇಟ್ಟುಕೊಳ್ಳಲು ಅಪ್ಪಣೆ ಕೊಟ್ಟೆ.

ಮಗಳು ಕಾಲೇಜಿಗೆ ಹೋಗತೊಡಗಿ ಎರಡು ತಿಂಗಳಾಗಿರಬಹುದು. ನನ್ನ ಕಚೇರಿಗೆ ಹೊಸದಾಗಿ ಬಂದ ಗುಮಾಸ್ತ ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಬಂದು ನಿಂತ. ಜೊತೆಗೆ ಹೊಸ ಹೆಂಡತಿ, ಒಂದು ಟ್ರಂಕು, ಸುತ್ತಿದ ಹಾಸಿಗೆ. ಊರಲ್ಲಿ ಎಲ್ಲೂ ಮನೆ ಸಿಕ್ಕಿಲ್ಲವಂತೆ.

ನಾನು ಹೆಂಡತಿಯ ಮುಖ ನೋಡಿದೆ. ಅವಳು, “ನಂಗೆ ಬಾಯಿ ಬರೋದಿಲ್ಲ, ನೀವೇ ಇಲ್ಲ ಅಂದುಬಿಡಿ” ಎಂದಳು. ನಾನು ಟ್ರಂಕಿನ ಒಂದು ಹಿಡಿ ಹಿಡಿದುಕೊಂಡೆ.

ಆ ಹುಡುಗಿ ಒಳಗೆ ಬಂದವಳೇ ಸೆರಗು ಸಿಕ್ಕಿಸಿ, “ಅಕ್ಕಾ, ಒಲೆ ಯಾವ ಕಡೆ? ಮೊದಲು ಹಾಲು ಉಕ್ಕಿಸಿಬಿಡ್ತೀನಿ” ಎಂದಳು.

“ಉಕ್ಕಿಸಮ್ಮ, ಧಾರಾಳವಾಗಿ ಉಕ್ಕಿಸು” ಎಂದು ನಾನೇ ಹೋಗಿ ಅಡುಗೆಮನೆಯ ಕಿಟಕಿ ಹಾಕಿದೆ. “ವಾಸನೆ ಮಾತ್ರ ಮುಂದಿನ ಕಡೆ ಹೋಗಬಾರದು. ಮನೆಯವರಿಗೆ ಗೊತ್ತಾದರೆ ನಮ್ಮನ್ನು ಬಿಡಿಸುತ್ತಾರೆ.”