ಕೊಡ ತೊಟ್ಟ ಮಫ್ಲರ್

ಚಿತ್ರದುರ್ಗದಲ್ಲಿ ನಾನು ಓದಿದ ಶಾಲೆಯಲ್ಲಿ ಹೆಣಿಗೆಯ ಮೊದಲ ಬಹುಮಾನ ನನಗೇ ಬಂದಿತ್ತು. ಆದ್ದರಿಂದ ಒಂದು ಮಫ್ಲರ್ ಹೆಣೆಯುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ!

ಎಪ್ಪತ್ತರ ದಶಕದ ಒಂದು ಚಳಿಗಾಲ. ನಮ್ಮ ಯಜಮಾನರು ಹೊಸದುರ್ಗದಿಂದ ಮಾಡದಕೆರೆ ಶಾಲೆಗೆ ದಿನಾ ಮೊದಲ ಬಸ್ಸಿಗೆ ಹೋಗುವ ಮೇಷ್ಟ್ರು. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ.

"ಕುತ್ತಿಗೆ ಸೆಟಗೊಂಡು ಹೋಗೈತೆ ಕಣೆ. ಪೇಟೇಲಿ ಒಂದು ಮಫ್ಲರ್ ತಗಂತೀನಿ" ಎಂದರು.

"ಕಂಬಳಿ ನೇಯೋ ಮನೆಯೋರು ಅಂಗಡಿ ಮಫ್ಲರ್ ಕಟ್ಕಂಡ್ರೆ ಜನ ನಗಲ್ವೇನ್ರಿ? ನಾನು ಹೆಣಿತೀನಿ. ತುದಿನೇ ಇರಲ್ಲ, ದುಂಡಗೆ! ತಲೆ ಮ್ಯಾಲಿಂದ ಹಾಕ್ಕಂಡ್ರೆ ಆತು."

ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಅತ್ತೆ ನಕ್ಕರು. ಮದುವೆಯಾದಂದಿನಿಂದ ನನ್ನ ಕೈಗೆ ಒಂದೆಳೆ ನೂಲು ಕೊಟ್ಟವರಲ್ಲ. "ಪೇಟೆ ಹುಡುಗಿ ನೀನು. ನಿಂಗ್ಯಾಕವ್ವ ಉಣ್ಣೆ ಉಸಾಬರಿ?"

ಅಲ್ಲಿಗೆ ಅದು ಯಜಮಾನರ ಕುತ್ತಿಗೆಯ ಪ್ರಶ್ನೆಯಾಗಿ ಉಳಿಯಲಿಲ್ಲ, ನನ್ನ ಮಾನದ ಪ್ರಶ್ನೆಯಾಯಿತು.

ದಪ್ಪ ಹೆಣಿಗೆಗೆ ದಪ್ಪ ಕಡ್ಡಿ ಬೇಕು. ಬಿದಿರು ಹೆರೆದು, ಕೊಬ್ಬರಿ ಎಣ್ಣೆ ಸವರಿ ಎರಡು ತಯಾರಿಸಿದೆ. ಅತ್ತೆ ಸಂತೆಗೆ ಹೋದ ಸಮಯ ಸಾಧಿಸಿ, ಏಣಿ ಹಾಕಿ ಅಟ್ಟ ಹತ್ತಿದೆ. ಅಲ್ಲಿದ್ದ ಬೇರೆ ನೂಲೆಲ್ಲ ಮೆತ್ತಗಿತ್ತು. ಒಂದು ಕಟ್ಟು ಮಾತ್ರ ತಂತಿಯಂತೆ ಬಿಗಿ. ಎಂಥ ಗಟ್ಟಿ ಮಾಲು! ಅದನ್ನೇ ಇಳಿಸಿ, ಅತ್ತೆಯ ಕಣ್ಣು ತಪ್ಪಿಸಿ ಎಳೆಗಳನ್ನು ಸೇರಿಸಿ ಹೆಣೆದು, ತುದಿಗೆ ತುದಿ ಹೊಲಿದೆ. ಮುಗಿದಾಗ ಅದರೊಳಗೆ ಯಜಮಾನರ ಜೊತೆ ಅವರ ಹೆಡ್ಮಾಸ್ಟರೂ ಹಿಡಿಸುವಂತಿದ್ದರು.

"ದೊಡ್ಡದಾತಲ್ಲೇ!"

"ಒಗೆದ್ರೆ ಸರಿಹೋಗ್ತೈತೆ, ಸುಮ್ನಿರ್ರಿ."

ಕುದಿಯುವ ನೀರಿಗೆ ಹಾಕಿ ಗಸಗಸ ತಿಕ್ಕಿದೆ. ನೀರು ಅಂಬಲಿಯಾಯಿತು! ಮಫ್ಲರು ಕುಗ್ಗುತ್ತಾ ಬಂತು. ಸದ್ಯ, ಸರಿಹೋಯಿತು ಎಂದುಕೊಂಡು, ಆಕಾರ ಕೆಡದಿರಲೆಂದು ಹಿತ್ತಾಳೆ ಕೊಡದ ಕುತ್ತಿಗೆಗೆ ತೊಡಿಸಿ ಬಿಸಿಲಿಗಿಟ್ಟೆ.

ಸಂಜೆ ತೆಗೆಯಲು ಹೋದರೆ ಬರಲಿಲ್ಲ. ಪಕ್ಕದ ಮನೆಯ ಸುಶೀಲಮ್ಮ ಕೊಡ ಹಿಡಿದರು, ನಾನು ಎಳೆದೆ. ಕೊಡ ಬಂತು, ಸುಶೀಲಮ್ಮ ಬಂದರು, ಮಫ್ಲರ್ ಬರಲಿಲ್ಲ!

ಅಷ್ಟರಲ್ಲಿ ಅತ್ತೆ ಬಂದು ಮುಟ್ಟಿ ನೋಡಿದರು. "ಅಯ್ಯೋ ನನ್ನವ್ವಾ! ಮಗ್ಗಕ್ಕೆ ಹಾಸಾಕೆ ಅಂತ ಹುಣಸೆ ಬೀಜದ ಗಂಜಿ ಹಚ್ಚಿಟ್ಟಿದ್ದ ನೂಲು ಇದು! ಬಿಸಿನೀರು ಬಿದ್ರೆ ಅಂಟು, ಒಣಗಿದ್ರೆ ಹಲಗೆ!"

"ಬೇಕಂತಾನೇ ಆರಿಸಿದ್ದು, ಅತ್ತೆ. ಗಾಳಿ ತೂರಬಾರದು ನೋಡ್ರಿ" ಎಂದೆ. ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

ಕೊನೆಗೆ ಕೊಡದ ಬಾಯಿ ನೆಗ್ಗಿ ಮಫ್ಲರ್ ಕಳಚಿತು. ಯಜಮಾನರ ತಲೆಗೆ ಹಾಕಿ ಅದುಮಿದೆ. ಹುಬ್ಬಿನವರೆಗೆ ಇಳಿದು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಬೆಚ್ಚಗೈತೆ ಕಣೆ, ತಗಿಯೇ!"

"ಕೇಳಿದ್ರಾ ಅತ್ತೆ? ಬೆಚ್ಚಗೈತಂತೆ!"

ಅತ್ತೆಯೇ ಕೊಬ್ಬರಿ ಎಣ್ಣೆ ಸವರಿ ಕಳಚಿದರು. ಮರುದಿನ ಯಜಮಾನರು ಪೇಟೆಯಿಂದ ಮಫ್ಲರ್ ಕೊಂಡು ತಂದರು. ಅತ್ತೆ ಅಟ್ಟದ ಏಣಿಯನ್ನು ಸುಶೀಲಮ್ಮನ ಮನೆಗೆ ಸಾಗಿಸಿದರು. ನನ್ನ ಹೆಣಿಗೆಯನ್ನು ಅಡುಗೆಮನೆಯ ನೆಲದ ಮೇಲಿಟ್ಟು, ಅದರ ಮೇಲೆ ಅದೇ ನೆಗ್ಗಿದ ಕೊಡವನ್ನು ಕೂರಿಸಿ, "ಇಷ್ಟು ಗಟ್ಟಿ ಸಿಂಬೆ ನಮ್ಮ ವಂಶದಾಗೆ ಯಾರೂ ಮಾಡಿರಲಿಲ್ಲ" ಎಂದರು.

ನಗುವವರು ನಗಲಿ. ಯಜಮಾನರು ಅಂಗಡಿ ಮಫ್ಲರ್ ಸುತ್ತಿಕೊಂಡೇ ಚಳಿಗಾಲವಿಡೀ ಸೀನಿದರು. ನಮ್ಮ ಕೊಡಕ್ಕೆ ಮಾತ್ರ ಒಂದು ದಿನವೂ ನೆಗಡಿಯಾಗಲಿಲ್ಲ!